ಪೆನ್ನು ಸುಮ್ಮನಿತ್ತು

ಮೈಸೂರಿನಿಂದ ಈ ಕಡೆ ಬಂದವರು ಹೇಳುವುದೆಲ್ಲ ಒಂದೇ ಕಥೆ: ಮಾತು ಒರಟು, ಮನಸ್ಸು ಬೆಣ್ಣೆ, ರೊಟ್ಟಿ ರೂಢಿಯಾದರೆ ಎಲ್ಲ ಸರಿ. ನಾನು ಒಪ್ಪುವುದಿಲ್ಲ. ಎಲ್ಲರೂ ಒಪ್ಪಿದ ಮಾತನ್ನೇ ಮೊದಲು ತಟ್ಟಿ ನೋಡಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ರೊಟ್ಟಿ ಹತ್ತು ದಿನದಲ್ಲಿ ರೂಢಿಯಾಯಿತು. ಅಪಾಯ ಇದ್ದದ್ದು ಬೇರೆ ಕಡೆ. ಬಂದವರದೂ ಇಲ್ಲಿಯವರದೂ ಕನ್ನಡ, ಹಾಗಾಗಿ ಅರ್ಥವಾಯಿತು ಎಂದು ಇಬ್ಬರೂ ನಂಬಿಬಿಡುತ್ತೇವೆ.

ಬೈಲಹೊಂಗಲದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತೇ "ಮುಟ್ಟಬ್ಯಾಡವಾ." ಹೇಳಿದವರು ಬಾಡಿಗೆ ಮನೆಯ ಒಡತಿ, ಅರ್ಚಕರ ಮನೆತನದ ಕಾಕು, ಚಿಕ್ಕಮ್ಮನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಕೈಯಲ್ಲಿ ಮಡಿನೀರಿನ ಕೊಡ. ಮಡಿಯ ವಿರುದ್ಧ ನಾನು ಅರ್ಧ ಗಂಟೆ ವಾದಿಸಿದೆ. ಪೂರ್ತಿ ಕೇಳಿಸಿಕೊಂಡು, ನಿನ್ನ ಕೆಲಸವೇನು ಎಂದರು. ಸೌರ ಪಂಪುಗಳ ಕಂಟ್ರೋಲರ್‌ಗಳನ್ನು ಮುಟ್ಟದೆ ಪರೀಕ್ಷಿಸುವುದು ಎಂದೆ.

"ಹಂಗಾದ್ರ ನಿಂದೂ ಮಡೀನ ಅದ ತಗೋ."

ತಮಾಷೆಯೇನೋ ಸರಿಯಾಗಿಯೇ ಇತ್ತು. ಬೋರ್ಡಿನ ಮೇಲೆ ಶಾಖದ ಕ್ಯಾಮೆರಾ ಹಿಡಿದರೆ ಕೆಡುತ್ತಿರುವ ಭಾಗ ಕೆಂಪಗೆ ಕಾಣುತ್ತದೆ. ತಂತಿಯ ಹತ್ತಿರ ಟೆಸ್ಟರ್ ಪೆನ್ನು ಒಯ್ದರೆ, ಕರೆಂಟಿದ್ದರೆ ಅದು ಕೂಗುತ್ತದೆ. ಆದರೆ ಈ ಪೆನ್ನಿಗೆ ಗೊತ್ತಾಗುವುದು ಮನೆಗೆ ಬರುವಂಥ ಎಸಿ ಕರೆಂಟು ಮಾತ್ರ. ಸೌರ ಫಲಕ ಕೊಡುವ ಡಿಸಿ ಅದಕ್ಕೆ ಕಾಣುವುದೇ ಇಲ್ಲ. ಸ್ವಿಚ್ ಆರಿಸಿದ ಮೇಲೂ ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳು ಅದನ್ನು ಕೆಲವು ನಿಮಿಷ ಹಿಡಿದಿಟ್ಟುಕೊಂಡಿರುತ್ತವೆ. ಮೈಸೂರಿನ ಲ್ಯಾಬಿನಲ್ಲಿ ಇದು ಪರೀಕ್ಷೆಯ ಪ್ರಶ್ನೆಯಾಗಿತ್ತು.

ಇಲ್ಲಿ ಅದು ಸಂಪಗಾಂವದ ಈರಣ್ಣನವರ ಕೈ. ನನ್ನ ಜೊತೆಯ ಮೆಕ್ಯಾನಿಕ್, ವಯಸ್ಸಿನಲ್ಲಿ ಅಪ್ಪನ ಸಮ, ನನ್ನನ್ನು ಕರೆಯುವುದು 'ಅಕ್ಕಾರ' ಎಂದು.

ಮುನವಳ್ಳಿಯ ಹತ್ತಿರ, ಹೊಳೆದಂಡೆಯ ಎರೆಹೊಲ. ನಡು ಮಧ್ಯಾಹ್ನ. ಈರಣ್ಣ ಸ್ವಿಚ್ ಬಂದ್ ಮಾಡಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಮೊದಲು ಮೋಟರಿಗೆ ಹೋಗುವ ಎಸಿ ತಂತಿ ನೋಡೋಣವೆಂದು ನಾನು ಪೆನ್ನು ಆಡಿಸಿದೆ. ಸದ್ದಿಲ್ಲ, ದೀಪವಿಲ್ಲ.

"ಏನಂತೈತ್ರಿ ಅಕ್ಕಾರ?"

"ಸುಮ್ಮನಿದೆ," ಎಂದೆ. ಒಂದು ಕ್ಷಣ ನಿಲ್ಲಿಸಿದೆ. 'ಆದರೆ' ಎನ್ನುವ ಮುಂಚೆ ಹಾಗೆ ನಿಲ್ಲಿಸುವುದು ವೇದಿಕೆಯಿಂದ ಬಂದ ರೂಢಿ. ಸಭೆ ಕಿವಿ ನಿಮಿರಿಸುತ್ತದೆ.

ನನ್ನ ಮಟ್ಟಿಗೆ 'ಸುಮ್ಮನಿದೆ' ಎಂದರೆ ಪೆನ್ನು ಏನೂ ಹೇಳುತ್ತಿಲ್ಲ ಎಂದಷ್ಟೇ. ಈರಣ್ಣನವರಿಗೆ 'ಸುಮ್ಮ ಐತಿ' ಎಂದರೆ ಹಾಯದ ಎತ್ತು, ತಂಟೆಯಿಲ್ಲದ್ದು. ಅವರು ಕೈ ಹಾಕಿದರು. ನನ್ನ 'ಆದರೆ' ಹೊರಬರುವಷ್ಟರಲ್ಲಿ ಮಣ್ಣಿನ ಮೇಲೆ ಬಿದ್ದಿದ್ದರು.

ಜೀವ ಉಳಿಯಿತು. ಬಲಗೈಯ ಎರಡು ಬೆರಳಿಗೆ ಈಗ ಬಿಸಿ ಗೊತ್ತಾಗುವುದಿಲ್ಲ. ಹಂಚಿನ ರೊಟ್ಟಿಯನ್ನು ಆ ಬೆರಳಲ್ಲೇ ತೆಗೆದು ತೋರಿಸಿ ಎಲ್ಲರನ್ನೂ ನಗಿಸುತ್ತಾರೆ. "ಅಕ್ಕಾರು ಸುಮ್ಮ ಐತಿ ಅಂದ್ರು, ಅದು ಸುಮ್ಮ ಇರಲಿಲ್ಲ, ಅಷ್ಟ," ಎನ್ನುತ್ತಾರೆ. ದೂರೇ ಇಲ್ಲ. ನನ್ನ ನಿದ್ದೆ ಕೆಡಿಸಿರುವುದು ಅದೇ. ದೂರಿದ್ದರೆ ವಾದಿಸಬಹುದಿತ್ತು, ಬಹುಶಃ ಗೆಲ್ಲಲೂಬಹುದಿತ್ತು.

ಮೈಸೂರಿಗೆ ಫೋನ್ ಮಾಡಿದರೆ ಅಮ್ಮ, ಇದೇನು ನಿನ್ನ ಮಾತು ಆ ಕಡೆಯವರ ಹಾಗಾಗಿದೆ ಎನ್ನುತ್ತಾಳೆ. ಇಲ್ಲಿ ಬಾಯಿ ತೆರೆದರೆ ನಾನಿನ್ನೂ ಮೈಸೂರವಳು. 'ಸುಮ್ಮನೆ' ಎಂಬ ಮಾತನ್ನು ಎರಡೂ ಕಡೆ ಬಿಟ್ಟಿದ್ದೇನೆ.

ನಿನ್ನೆ ಈರಣ್ಣ ಕೆಲಸಕ್ಕೆ ಮರಳಿದರು. ಐದು ನಿಮಿಷ ಕಾದು, ಡಿಸಿ ತೋರಿಸುವ ಮೀಟರ್ ಹಚ್ಚಿ ಅಳೆಯೋಣ ಎಂದೆ. ಹೂಂ ಎಂದು ತಲೆಯಾಡಿಸಿದರು. ಬಿಸಿಲು ನೆತ್ತಿಯ ಮೇಲಿತ್ತು. ಮುಚ್ಚಳ ಬಿಚ್ಚಿ, ಮೀಟರ್ ಬಿಟ್ಟು ಪೆನ್ನನ್ನೇ ನನ್ನತ್ತ ಚಾಚಿದರು.

"ನೀವ ನೋಡ್ರಿ ಅಕ್ಕಾರ. ನೀವು ಅಂದ್ರ ಆತು."

ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಈರಣ್ಣ, ಆವತ್ತು ನೀವು ಕೈ ಹಾಕಿದ್ದು ಪೆನ್ನನ್ನು ನಂಬಿಯೋ, ನನ್ನನ್ನು ನಂಬಿಯೋ?