ಅಪ್‌ಡೇಟ್ ಬರುವವರೆಗೆ

ಸಂಜೆ ಸ್ಟಿಯರಿಂಗ್ ಹಿಡಿದರೆ ನನ್ನ ಗಂಡನಿಗೆ ತೂಕಡಿಕೆ. ದುಬೈನ ಅಲ್ ಬರ್ಷಾದ ಮನೆಯಿಂದ ಅಬುಧಾಬಿಯ ರೀಮ್ ಐಲ್ಯಾಂಡ್‌ಗೆ ದಿನಾ ಕೆಲಸಕ್ಕೆ ಹೋಗಿ ಬರುವ ಮನುಷ್ಯ. ಬೆಳಿಗ್ಗೆ ಪರವಾಗಿಲ್ಲ, ವಾಪಸು ಬರುವಾಗ ಆ ನೇರ ರಸ್ತೆಯಲ್ಲಿ ಕಣ್ಣು ಎಳೆಯುತ್ತದೆ.

ಮೊದಲು ನನಗೆ ಈ ಚಿಂತೆ ಇರಲಿಲ್ಲ. ನಮ್ಮ ಕಟ್ಟಡದಲ್ಲೇ ಇರುವ ಮಂಗಳೂರಿನವರೊಬ್ಬರಿಗೆ ಆ ಕಡೆಯ ಆಸ್ಪತ್ರೆಯಲ್ಲಿ ಕೆಲಸ. ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಹೋಗುವಾಗ ನಮ್ಮವರು ಓಡಿಸುವುದು, ಬರುವಾಗ ಅವರು.

ಆಮೇಲೆ ನಾವು ಹೊಸ ಕಾರು ಕೊಂಡೆವು. ತಾನೇ ಓಡುವ ಸೌಲಭ್ಯ ಸದ್ಯದಲ್ಲೇ ಅಪ್‌ಡೇಟಿನಲ್ಲಿ ಬರುತ್ತದಂತೆ, ಈಗಲೇ ದುಡ್ಡು ಕಟ್ಟಿದರೆ ಅಗ್ಗವಂತೆ. ತೂಕಡಿಸಿದರೂ ಕಾರು ಮನೆ ಸೇರಿಸುತ್ತದಲ್ಲ, ಕಟ್ಟಿ ಎಂದವಳು ನಾನೇ. ನಮ್ಮವರಿಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಯಾರ ಹಂಗೂ ಬೇಡವೆಂದು ಜೊತೆಗೆ ಹೋಗುವುದನ್ನೇ ಬಿಟ್ಟರು. ಸೌಲಭ್ಯ ಬರುವ ಮೊದಲೇ! ಊಟದ ಕರೆ ಬಂತೆಂದು ಒಲೆ ಆರಿಸಿದ ಹಾಗೆ.

ಕಾದದ್ದೇ ಬಂತು. ಮೊನ್ನೆ ಕಂಪನಿಯ ಸಂದೇಶ: ತಾನೇ ಓಡಲು ಈ ಕಾರಿನ ಕಂಪ್ಯೂಟರ್ ಸಾಲದೆ ಹೋಗಬಹುದು, ಹೊಸದನ್ನು ಹಾಕಬೇಕಾದೀತು, ಯಾವಾಗ ಎಂದು ಹೇಳಲಾಗದು.

ಆ ಸಂಜೆ ಆಫೀಸು ಬಿಟ್ಟು ಮೆಟ್ರೋ ಹತ್ತಿ ಎಂದಿನಂತೆ ಫೋನ್ ಮಾಡಿದೆ. ಮಾತಾಡಿಸಿ ಅವರನ್ನು ಎಚ್ಚರವಾಗಿಡುವುದು ನನ್ನ ಪಾಲಿನ ಕೆಲಸ. ಬಂಗುಡೆ ಪುಳಿಮುಂಚಿ ಮಾಡಲೋ, ಬರೀ ಸಾರು ಸಾಕೋ ಎಂದು ಕೇಳಿದೆ. ಆ ಕಡೆಯಿಂದ ಟಯರಿನ ಸದ್ದು ಮಾತ್ರ.

"ಕೇಳಿದ್ರಾ? ಹಲೋ!"

ಯಾರದೋ ಉದ್ದನೆಯ ಹಾರ್ನ್.

"ಎಂತ ಇಲ್ಲ ಮಾರಾಯ್ತಿ. ಸ್ವಲ್ಪ ಪಕ್ಕದ ಲೇನಿಗೆ ಹೋಯ್ತು, ಅಷ್ಟೆ."

"ಪೆಟ್ರೋಲ್ ಬಂಕಲ್ಲಿ ನಿಲ್ಸಿ. ಮುಖ ತೊಳೆದು, ಚಾಯ ಕುಡಿದು ಬನ್ನಿ."

ಮೆಟ್ರೋ ಇಳಿದು ನಾನು ಮನೆಗೆ ಹೋಗಲಿಲ್ಲ. ನಾಚಿಕೆ ಬಿಟ್ಟು, ಆಗಷ್ಟೇ ಮನೆ ಸೇರಿದ್ದ ಆ ಮಂಗಳೂರಿನ ನೆರೆಯವರ ಬಾಗಿಲು ತಟ್ಟಿದೆ. ಇವರನ್ನು ಮತ್ತೆ ಜೊತೆಗೆ ಕರ್ಕೊಂಡು ಹೋಗ್ತೀರಾ ಎಂದೆ.

"ಯಾಕಕ್ಕಾ, ನಿಮ್ಮ ಕಾರು ತಾನೇ ಓಡ್ತದಲ್ಲಾ?" ಎಂದು ನಕ್ಕವರು ನನ್ನ ಮುಖ ನೋಡಿ ಬಾಗಿಲು ಪೂರ್ತಿ ತೆರೆದರು. "ನಾಳೆ ಬೆಳಿಗ್ಗೆ ಕೆಳಗೆ ಬರ್ಲಿಕ್ಕೆ ಹೇಳಿ. ಸೀಟು ಖಾಲಿಯೇ ಉಂಟು."

ಮರುದಿನ ಸಂಜೆ ಮೆಟ್ರೋದಿಂದ ಗಂಡನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ನೆರೆಯವರಿಗೆ ಮಾಡಿದರೆ, ಅವರು ಕಾರಿನ ಸ್ಪೀಕರಿನಲ್ಲೇ ಎತ್ತಿ ಪಿಸುಗುಟ್ಟಿದರು.

"ಮೆಲ್ಲ ಮಾತಾಡಿ ಅಕ್ಕಾ. ಒಳ್ಳೆ ನಿದ್ದೆಯಲ್ಲಿದ್ದಾರೆ."

ಮೆಟ್ರೋದಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ.