ಗೆರೆಯಾಚೆ ನಿಂತ ಚಕ್ಕಡಿಗಳು

ಆ ಮುಂಜಾನೆ ನಾನು ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದೆ. ಎದುರುಮನೆಯ ಓವರ್ಸಿಯರರು ಎಂದಿನಂತೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದರು.

"ಬಾಯಾರ, ಸುಣ್ಣ ಕಡಿಮಿ ಬಿತ್ತು. ರಂಗೋಲಿ ಪುಡಿ ಇದ್ರ ಕೊಡ್ರಿ. ಬಂದವರಿಗೆ ನಿಲ್ಲಾಕ ಜಾಗಾ ಬೇಕ್ರಿ."

ಪುಡಿ ಕೊಟ್ಟೆ. ಬಂದವರಿಗೆ ಜಾಗ ಬೇಕೆಂಬ ಈ ಕೊನೆಯ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಧಾರವಾಡದ ಹೊಸ ವಸ್ತುಸಂಗ್ರಹಾಲಯ ಅಂದು ತೆರೆಯುವುದಿತ್ತು. ಗಾಡಿಗಳು ನಿಲ್ಲುವ ಜಾಗ ಗುರುತಿಸುವ ಕೆಲಸ ಅವರದು. ಗಾಡಿಗಳಿಂದ ದಾರಿ ಕಟ್ಟಿಕೊಂಡರೆ ಅವರ ಹಂಗಾಮಿ ನೌಕರಿ ಹೋಗುತ್ತಿತ್ತು. ಆದರೂ ಬೇವಿನ ಮರಗಳ ನೆರಳನ್ನು ಅವರು ಎತ್ತುಗಳಿಗೇ ಬಿಟ್ಟಿದ್ದರು.

ನಾನು ಅಲ್ಲಿಗೆ ಹೋದಾಗ ಗೆರೆಯೊಳಗಿನ ನೆರಳು ಖಾಲಿ, ರಸ್ತೆ ತುಂಬ ಚಕ್ಕಡಿ. ಹಿಂದೆ ಉದ್ಘಾಟನೆಗೆ ಬಂದ ಸಾಹೇಬರ ಮೋಟಾರು ಸಿಕ್ಕಿಬಿದ್ದಿತ್ತು.

ಮುಗದ ಹಳ್ಳಿಯಿಂದ ಚಕ್ಕಡಿ ಹೊಡೆದುಕೊಂಡು ಬಂದ ಮುದುಕನೊಬ್ಬ ಬಿಳಿ ಗೆರೆ ತೋರಿಸಿದ: "ಕಣದಾಗ ರಾಶಿ ಸುತ್ತ ಗೆರಿ ಎಳದ್ರ ದಾಟಬಾರದ್ರೀ ಯಪ್ಪಾ. ಇದರ ಮ್ಯಾಲ ಹ್ಯಾಂಗ ಗಾಡಿ ಹೊಡೀಲಿ?"

ಓವರ್ಸಿಯರರು ಬೂಟು ಕಳಚಿ, ಗೆರೆಗೆ ಕೈಮುಗಿದು, ಮಂಡಿಯೂರಿ ತಮ್ಮ ಹೆಗಲ ಮೇಲಿನ ಉಪರಣೆಯಿಂದ ಗಾಡಿಯಗಲದಷ್ಟು ಒರೆಸಿದರು.

"ಬಾಗಲಾ ತಗದೇನಿ. ಬರ್ರಿ ಕಾಕಾ."

ಚಕ್ಕಡಿಗಳು ಒಂದರ ಹಿಂದೊಂದು ನೆರಳಿಗೆ ಸರಿದವು. ಮೋಟಾರು ಮುಂದೆ ಸಾಗುವಾಗ ಸಾಹೇಬರು ಅವರತ್ತ ಟೊಪ್ಪಿಗೆ ಎತ್ತಿದರು.

ಸಂಜೆ ಪಕ್ಕದ ಮನೆಯ ಕಾಕು ಒಣಗಿದ ಸೀರೆ ಮಡಚುತ್ತ ಅಂದರು: "ನಮ್ಮ ಓವರ್ಸಿಯರ್ ನಡುರಸ್ತೇದಾಗ ಕುಂತು ನೆಲಾ ಒರಸಾಕತ್ತಿದ್ರಂತ. ಪಾಪ, ಅಷ್ಟು ಓದಿದವರಿಗೆ ಎಂಥಾ ಕೆಲಸಾ ಕೊಟ್ಟಾರ ನೋಡ್ರಿ!"