ಅಳೆಯದ ತೂಕ

ಹೃದಯ ವೈಫಲ್ಯದ ಅಧ್ಯಯನವೊಂದಕ್ಕೆ ಅರಸೀಕೆರೆ, ಬೇಲೂರು, ಹಳೇಬೀಡಿನ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಬೆಂಗಳೂರಿಗೆ ಕಳಿಸುತ್ತಿದ್ದವರು ಅರಸೀಕೆರೆಯ ಒಬ್ಬ ನರ್ಸ್. ನಾವು ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು. ಬೇಲೂರಿನ ಹಾಳೆಗಳನ್ನು ತುಂಬುವ ಕೆಲಸ ನನ್ನದು. ಸಿಸ್ಟರ್ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬೇಲೂರಿಗೆ ಬಂದು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದರು. "ಕಂಡಿದ್ದು ಬರೀರಿ, ಕಾಣದ್ದು ಖಾಲಿ ಬಿಡ್ರಿ" ಎನ್ನುವುದು ಅವರ ಖಾಯಂ ಮಾತು.

ಒಮ್ಮೆ ಆ ಬೆರಳು ಒಬ್ಬ ಅಜ್ಜಿಯ ಹೆಸರಿನ ಮುಂದೆ ನಿಂತಿತು. ಮೂರು ವಾರವೂ ಒಂದೇ ತೂಕ, ನಲವತ್ತೆಂಟು ಕಿಲೋ.

"ಈ ಅಜ್ಜಿನ ತೂಕ ಹಾಕಿದ್ರೇನ್ರೀ?"

"ಮೆಷಿನ್ ಕೆಟ್ಟಿತ್ತು ಸಿಸ್ಟರ್. ಹಳೇದನ್ನೇ ಬರೆದೆ."

ಸಿಸ್ಟರ್ ಮುಖ ಕೆಂಪಾಯಿತು. "ಅರಸೀಕೆರೆಗೆ ಮಗಳ ಮನೆಗೆ ಅಂತ ಬಂದೋರು ನಿನ್ನೆ ನಮ್ಮ ವಾರ್ಡಿಗೆ ಸೇರಿದಾರೆ. ಮೈಯಲ್ಲಿ ಐದು ಕಿಲೋ ನೀರು ತುಂಬಿದೆ, ಮಲಗಿದ್ರೆ ಉಸಿರು ಕಟ್ಟುತ್ತೆ. ನೀವು ಬರೆದ ತೂಕ ನಂಬಿ ನಿಮ್ಮ ಡಾಕ್ಟ್ರು ನೀರಿಳಿಸೋ ಮಾತ್ರೆ ಹೆಚ್ಚಿಸಲಿಲ್ಲ!"

ಮೂರೂ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ 'ಅಳೆದಿಲ್ಲ' ಎಂದು ಬರೆದರು.

"ಹೀಗೆ ಕಳಿಸಿದ್ರೆ ಬೆಂಗಳೂರಿನವರು ಬೈತಾರೆ" ಎಂದೆ.

"ಬೈಲಿ! ನಿಮ್ಮ ಸುಳ್ಳು ನಂಬ್ಕೊಂಡು ನಾಳೆ ಯಾರ್ಯಾರಿಗೋ ಔಷಧಿ ಬರೀತಾರೆ ಕಣ್ರೀ!"

ಅಜ್ಜಿ ಆಮೇಲೆ ಚೇತರಿಸಿಕೊಂಡರು. ಆದರೆ ಅಲ್ಲಿಯವರೆಗೆ ಸಿಸ್ಟರ್ ಕಾಯಲಿಲ್ಲ. ಆ ಮಧ್ಯಾಹ್ನವೇ ನನ್ನನ್ನು ಅರಸೀಕೆರೆಗೆ ಎಳೆದೊಯ್ದರು. ವಾರ್ಡಿನಲ್ಲಿ ಅಜ್ಜಿಯ ಹೊದಿಕೆ ಸರಿಸಿ, ನನ್ನ ಹೆಬ್ಬೆರಳನ್ನು ಹಿಡಿದು ಊದಿದ ಕಾಲಿನ ಮೇಲೆ ಒತ್ತಿಸಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಆ ಸುಳ್ಳು ತೂಕ ಬರೆದವನು ನಾನೇ ಎಂದು ಅಜ್ಜಿಗೆ ಗೊತ್ತಿರಲಿಲ್ಲ.

"ನೋಯಕ್ಕಿಲ್ಲ ಕಣಪ್ಪ, ಒತ್ತು" ಎಂದರು.